ಕೈಯ ಕಾಸು, ಸಂಜೆಯ ಹೊತ್ತು

ಸಂಸಾರದ ಖರ್ಚು ಎರಡು ದಾರಿಯಲ್ಲಿ ಹೋಗುತ್ತದೆ. ಯಾವಾಗಲೋ ಒಮ್ಮೆ ತೀರ್ಮಾನವಾಗಿ, ಆಮೇಲೆ ತಿಂಗಳು ತಿಂಗಳು ತಾನಾಗಿಯೇ ಕಳೆಯುವ ಹಣ ಒಂದು: ಮನೆ ಬಾಡಿಗೆ, ಸಾಲದ ಕಂತು, ಮಕ್ಕಳ ಶಾಲೆಯ ಫೀಸು, ವಿಮೆಯ ಪ್ರೀಮಿಯಂ. ತೀರ್ಮಾನವೇ ಆಗದೆ ಹೋಗುವ ಹಣ ಇನ್ನೊಂದು: ಬಸ್‌ ಸ್ಟ್ಯಾಂಡಿನ ಗೋಬಿ ಮಂಚೂರಿ, ಮಳೆ ಬಂತೆಂದು ಹತ್ತಿದ ಆಟೋ, ರಾತ್ರಿ ಹತ್ತೂವರೆಗೆ ಫೋನಿನಲ್ಲಿ ತರಿಸಿದ ಐಸ್‌ಕ್ರೀಂ, ರಿಯಾಯಿತಿಯಲ್ಲಿದೆ ಎಂಬ ಒಂದೇ ಕಾರಣಕ್ಕೆ ಕೊಂಡ ಮೂರನೆಯ ಬೆಡ್‌ಶೀಟು. ನೋಡಿಕೊಂಡು ಖರ್ಚು ಮಾಡಿ ಎನ್ನುವ ಬುದ್ಧಿಮಾತೆಲ್ಲ ಬೀಳುವುದು ಈ ಎರಡನೆಯದರ ಮೇಲೆ. ಸೊಪ್ಪಿನವಳ ಹತ್ತಿರ ಐದು ರೂಪಾಯಿಗೆ ಕಾಲು ಗಂಟೆ ಚೌಕಾಸಿ ಮಾಡುವವರೇ ಇಪ್ಪತ್ತು ವರ್ಷದ ಸಾಲಪತ್ರಕ್ಕೆ ಓದದೆ ಸಹಿ ಹಾಕಿ ಬರುತ್ತಾರೆ. ಗಮನವೂ ಹಣದಂತೆ ಎಲ್ಲರ ಬಳಿ ಇಷ್ಟೇ ಎಂದು ಇರುತ್ತದೆ. ಅದನ್ನು ಎಲ್ಲಿ ಹಾಕಬೇಕು ಎಂಬುದು ಮೊದಲ ಲೆಕ್ಕ.

ಕೇಂದ್ರ ಸರ್ಕಾರ 2023-24ರಲ್ಲಿ ನಡೆಸಿದ ಗೃಹಬಳಕೆ ವೆಚ್ಚದ ಸಮೀಕ್ಷೆಯ ಪ್ರಕಾರ ತಲಾ ಮಾಸಿಕ ವೆಚ್ಚದ ಸರಾಸರಿ ದೇಶದ ಹಳ್ಳಿಗಳಲ್ಲಿ 4,122 ರೂಪಾಯಿ, ನಗರಗಳಲ್ಲಿ 6,996 ರೂಪಾಯಿ. ನಗರದವರ ವೆಚ್ಚದಲ್ಲಿ ಆಹಾರದ ಪಾಲು ಶೇ. 40ಕ್ಕೆ ಸಮೀಪ. ಆ ಪಾಲಿನೊಳಗಿನ ಅತಿ ದೊಡ್ಡ ತುಂಡು ಅಕ್ಕಿಬೇಳೆಗಾಗಲೀ ಹಾಲು ತರಕಾರಿಗಾಗಲೀ ಹೋಗುತ್ತಿಲ್ಲ. ಅದು ಹೋಗುವುದು ಪಾನೀಯ, ತಿಂಡಿತಿನಿಸು ಮತ್ತು ಸಿದ್ಧ ಆಹಾರಕ್ಕೆ: ಒಟ್ಟು ವೆಚ್ಚದ ಶೇ. 11ರಷ್ಟು. ಹೋಟೆಲಿನ ಊಟ, ಪೊಟ್ಟಣದ ಚಿಪ್ಸು, ಬಾಟಲಿಯ ತಂಪುಪಾನೀಯ ಎಲ್ಲ ಈ ತಲೆಬರಹದಡಿ ಬರುತ್ತವೆ. ಇದರಲ್ಲಿ ಹಸಿದು ತಿಂದದ್ದೆಷ್ಟು, ಹೊತ್ತು ಹೋಗದೆ ತಿಂದದ್ದೆಷ್ಟು ಎಂದು ಸಮೀಕ್ಷೆ ಬೇರ್ಪಡಿಸುವುದಿಲ್ಲ. ಮಿತವ್ಯಯದ ಪುಸ್ತಕಗಳೂ ಅದನ್ನು ಅಷ್ಟಾಗಿ ಕೇಳುವುದಿಲ್ಲ. ಆದರೆ ದುಡಿದು ಮನೆಗೆ ಬಂದ ಮಧ್ಯಮವರ್ಗದ ಕುಟುಂಬ ಸಂಜೆಯ ಎರಡು ಮೂರು ಗಂಟೆಯನ್ನು ಹೇಗೆ ಕಳೆಯುತ್ತದೆ ಎಂಬುದು ತಿಳಿಯದೆ ಅದರ ಖರ್ಚಿನ ಚೀಟಿ ಪೂರ್ತಿ ಅರ್ಥವಾಗುವುದಿಲ್ಲ.

ಹಣ ಕೊಡುವಾಗ ಆಗುವ ಸಣ್ಣ ಸಂಕಟದಿಂದ ಶುರು ಮಾಡಬಹುದು. ಅರ್ಥಶಾಸ್ತ್ರಜ್ಞರು ಇದನ್ನು ಲಘುವಾಗಿ ಕಂಡಿಲ್ಲ. ಡ್ರೇಜನ್ ಪ್ರೆಲೆಕ್ ಮತ್ತು ಜಾರ್ಜ್ ಲೋವೆನ್‌ಸ್ಟೈನ್ 1998ರಲ್ಲಿ ಬರೆದ ಪ್ರಬಂಧದಲ್ಲಿ ಪಾವತಿಯ ನೋವಿಗೆ ಒಂದು ಸಿದ್ಧಾಂತವನ್ನೇ ಕಟ್ಟಿಕೊಟ್ಟರು. ಅದೇ ಪ್ರೆಲೆಕ್, ಡಂಕನ್ ಸಿಮೆಸ್ಟರ್ ಜೊತೆ ಸೇರಿ 2001ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಪ್ರಸಿದ್ಧ. ಅಮೆರಿಕದ ಎಂಐಟಿಯಲ್ಲಿ ಮ್ಯಾನೇಜ್‌ಮೆಂಟ್ ಓದುತ್ತಿದ್ದವರಿಗೆ ಟಿಕೆಟ್ಟೆಲ್ಲ ಮುಗಿದಿದ್ದ ಬಾಸ್ಕೆಟ್‌ಬಾಲ್ ಪಂದ್ಯವೊಂದರ ಟಿಕೆಟ್ಟನ್ನು ಹರಾಜಿಗಿಟ್ಟರು. ಗೆದ್ದರೆ ನಗದು ಕೊಡಬೇಕೆಂದು ಕೆಲವರಿಗೆ, ಕ್ರೆಡಿಟ್ ಕಾರ್ಡಿನಲ್ಲಿ ಕೊಡಬೇಕೆಂದು ಉಳಿದವರಿಗೆ ಹೇಳಿದ್ದರು. ಕಾರ್ಡಿನವರು ಕೂಗಿದ ಬೆಲೆ ಸರಾಸರಿಯಲ್ಲಿ ನಗದಿನವರ ಬೆಲೆಯ ಸುಮಾರು ಎರಡು ಪಟ್ಟಿತ್ತು. ಟಿಕೆಟ್ಟೂ ಒಂದೇ, ಜನವೂ ಒಂದೇ ಬಗೆಯವರು. ಬದಲಾದದ್ದು ಹಣ ಕೈಬಿಡುವ ರೀತಿ ಮಾತ್ರ.

ಭಾರತದಲ್ಲಿ ಯುಪಿಐ ಬಂದದ್ದು 2016ರಲ್ಲಿ. 2025ರ ಆಗಸ್ಟ್ ತಿಂಗಳೊಂದರಲ್ಲೇ ಅದರ ವಹಿವಾಟುಗಳ ಸಂಖ್ಯೆ ಮೊದಲ ಬಾರಿಗೆ 2,000 ಕೋಟಿ ದಾಟಿತು. ಸಾಲದ ದೃಷ್ಟಿಯಿಂದ ಇದು ಕಾರ್ಡಿಗಿಂತ ವಾಸಿ, ಏಕೆಂದರೆ ಖಾತೆಯಲ್ಲಿ ಇರುವ ಹಣ ಆ ಕ್ಷಣವೇ ಹೋಗುತ್ತದೆ. ಆದರೆ ನೋವಿನ ದೃಷ್ಟಿಯಿಂದ ಎರಡೂ ಒಂದೇ ಬಳಗ. ಐನೂರರ ನೋಟು ಮುರಿಸುವಾಗ ಆಗುತ್ತಿದ್ದ ಅಳುಕು, ಚಿಲ್ಲರೆ ಎಣಿಸುವಾಗ ಜೇಬು ಹಗುರಾದದ್ದರ ಅರಿವು ಇಲ್ಲಿಲ್ಲ. ಚಹಾದಂಗಡಿಯ ಡಬ್ಬಿ ಇಷ್ಟು ರೂಪಾಯಿ ಬಂತೆಂದು ಕೂಗಿ ಹೇಳುವುದು ಅಂಗಡಿಯವನಿಗೆ. ಕೊಟ್ಟವನಿಗೆ ಈ ತಿಂಗಳು ಹೋದದ್ದು ಇಷ್ಟಾಯಿತೆಂದು ಕೂಗುವ ಡಬ್ಬಿ ಇಲ್ಲ. ಹಾಗೆಂದು ನಗದಿಗೆ ಮರಳಬೇಕೆನ್ನುವುದು ಅತಿಯಾದೀತು. ತರಕಾರಿ, ಹೋಟೆಲು, ಆಟೋ ಇಂಥ ಬಿಡಿಖರ್ಚಿಗೆ ಬೇರೊಂದು ಸಣ್ಣ ಖಾತೆಯಿಟ್ಟು, ವಾರಕ್ಕೊಮ್ಮೆ ಅದಕ್ಕೆ ಗೊತ್ತಾದ ಮೊತ್ತ ಹಾಕಿ, ಯುಪಿಐಯನ್ನು ಅದಕ್ಕೊಂದಕ್ಕೇ ಜೋಡಿಸಿದರೆ ಹಳೆಯ ಜೇಬಿನ ಮಿತಿ ಹೊಸ ಫೋನಿನೊಳಗೂ ಬರುತ್ತದೆ.

ಹೀಗೆ ಹಣವನ್ನು ಗೂಡುಗಳಾಗಿ ಹಂಚಿಡುವ ಬುದ್ಧಿ ಕನ್ನಡದ ಅಡುಗೆಮನೆಗಳಿಗೆ ಹೊಸದಲ್ಲ. ಸಾಸಿವೆ ಡಬ್ಬಿಯಲ್ಲಿ ಗಂಡನಿಗೆ ಕಾಣದಂತೆ ಇಟ್ಟ ನೋಟು, ಸಂತೆಯ ಕಾಸನ್ನು ಸೀರೆಯ ಸೆರಗಿನ ತುದಿಗೆ ಕಟ್ಟಿ ಹಬ್ಬದ ಕಾಸನ್ನು ಟ್ರಂಕಿನ ಅಡಿಗೆ ಸೇರಿಸುವುದು, ಕೇರಿಯ ಹತ್ತಾರು ಜನ ಕೂಡಿ ಹಾಕುವ ಚೀಟಿ, ಎಲ್ಲವೂ ಇದೇ. ಹಣಕ್ಕೆ ಬಣ್ಣವಿಲ್ಲ, ಯಾವ ಗೂಡಿನದಾದರೂ ಒಂದೇ ಎಂದು ಪಠ್ಯಪುಸ್ತಕದ ಅರ್ಥಶಾಸ್ತ್ರ ಹೇಳುತ್ತಿತ್ತು. ಜನ ಹಾಗೆ ನಡೆದುಕೊಳ್ಳುವುದಿಲ್ಲ, ಮನಸ್ಸಿನಲ್ಲೇ ಬೇರೆ ಬೇರೆ ಲೆಕ್ಕ ಇಟ್ಟುಕೊಳ್ಳುತ್ತಾರೆ ಎಂಬುದನ್ನು 1980ರ ದಶಕದಲ್ಲಿ ವಿವರಿಸಿದ ರಿಚರ್ಡ್ ಥೇಲರ್ ಅವರಿಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಈ ಬುದ್ಧಿಯನ್ನು ಬ್ಯಾಂಕಿಂಗ್ ಆಗಿ ಬೆಳೆಸಿದ ಊರು ಉಡುಪಿ. ಟಿ. ಎಂ. ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವ 1925ರಲ್ಲಿ ಅಲ್ಲಿ ಕಟ್ಟಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, 1928ರಲ್ಲಿ ಪಿಗ್ಮಿ ಠೇವಣಿಯನ್ನು ಶುರು ಮಾಡಿತು. ಬ್ಯಾಂಕಿನ ಏಜೆಂಟು ದಿನವೂ ಮನೆಗೆ, ಅಂಗಡಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಪುಸ್ತಕದಲ್ಲಿ ಬರೆದುಕೊಂಡು ಹೋಗುತ್ತಿದ್ದ. ತಿಂಗಳ ಸಂಬಳವೆಂಬುದೇ ಇಲ್ಲದ ನೇಕಾರ, ಹೂವಿನವಳು, ಮೀನು ಮಾರುವವಳು ಬ್ಯಾಂಕಿನ ಬಾಗಿಲಿಗೆ ಬರಲಾರರು ಎಂದಾಗ ಬ್ಯಾಂಕೇ ಅವರ ಬಾಗಿಲಿಗೆ ಹೋದ ವ್ಯವಸ್ಥೆ ಅದು. ಅದರ ಜಾಣತನ ಬಡ್ಡಿಯಲ್ಲಿರಲಿಲ್ಲ, ಸಮಯದಲ್ಲಿತ್ತು: ದಿನದ ಗಳಿಕೆ ಕೈಯಲ್ಲಿದ್ದು, ಅದು ಇನ್ನೂ ಬೇರೆ ಕಡೆ ಹರಿಯುವ ಮೊದಲೇ ಏಜೆಂಟು ಎದುರಿಗೆ ನಿಲ್ಲುತ್ತಿದ್ದ. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಕಲೆಕ್ಷನ್ ಮಾತ್ರ ಸಹಕಾರಿ ಸಂಘಗಳಲ್ಲಿ, ಪಟ್ಟಣದ ಪೇಟೆಬೀದಿಗಳಲ್ಲಿ ಇನ್ನೂ ನಡೆದಿದೆ. ಸಂಬಳ ಬಂದ ದಿನವೇ ಆರ್‌ಡಿಗೆ ತಾನಾಗಿ ಹಣ ಹೋಗುವಂತೆ ಮಾಡಿಕೊಳ್ಳುವವರು ಅದೇ ತತ್ವವನ್ನು ಏಜೆಂಟಿಲ್ಲದೆ ನಡೆಸುತ್ತಿದ್ದಾರೆ.

ಹೆಚ್ಚುಕಡಿಮೆ ಅದೇ ಕಾಲಮಾನದ ಇನ್ನೊಂದು ಪ್ರಯತ್ನ ಜಪಾನಿನದು. ಅಲ್ಲಿನ ಮೊದಲ ಪತ್ರಕರ್ತೆಯರಲ್ಲಿ ಒಬ್ಬಳಾದ ಹಾನಿ ಮೊಟೊಕೊ 1904ರಲ್ಲಿ ಗೃಹಿಣಿಯರಿಗಾಗಿ ಮನೆವಾರ್ತೆಯ ಲೆಕ್ಕದ ಪುಸ್ತಕ ಪ್ರಕಟಿಸಿದಳು. ಕಾಕೆಬೊ ಎಂದು ಈಗ ಲೋಕವೆಲ್ಲ ಮಾರಾಟವಾಗುವ ಡೈರಿಗಳ ಮೂಲ ಇದೇ. ಇಂದು ಚಾಲ್ತಿಯಲ್ಲಿರುವ ರೂಪದಲ್ಲಿ ಖರ್ಚಿಗೆ ನಾಲ್ಕು ಅಂಕಣಗಳಿವೆ: ಬೇಕೇಬೇಕಾದದ್ದು, ಆಸೆಯದ್ದು, ಓದು ಸಂಗೀತ ನಾಟಕದಂಥದ್ದು, ಅನಿರೀಕ್ಷಿತವಾದದ್ದು. ಮೂರನೆಯ ಅಂಕಣ ಗಮನಿಸಬೇಕಾದದ್ದು. ನಮ್ಮ ಮನೆಗಳ ಲೆಕ್ಕದಲ್ಲಿ ಪುಸ್ತಕ, ನಾಟಕದ ಟಿಕೆಟ್ಟು, ವಾರಪತ್ರಿಕೆಯ ಚಂದಾ ಎಲ್ಲ ‘ಇತರೆ’ಯಲ್ಲಿ ಸೇರುತ್ತವೆ, ಕೈ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದೂ ‘ಇತರೆ’ಗೇ. ಪತ್ರಿಕೆ ನಿಲ್ಲಿಸಿ, ಆ ಹಣಕ್ಕೆ ಎರಡು ಪಟ್ಟು ಬೀಳುವ ಓಟಿಟಿ ಉಳಿಸಿಕೊಂಡ ಮನೆಗಳು ಕಡಿಮೆಯೇನಿಲ್ಲ. ಮನರಂಜನೆಗೆ ಅದರದೇ ಅಂಕಣ ಇದ್ದರೆ ಅದನ್ನು ಕಾಪಾಡಲೂಬಹುದು, ಪ್ರಶ್ನಿಸಲೂಬಹುದು.

ಡೈರಿ ಬರೆಯುವವರ ಎದುರಿಗೆ ನಿಂತಿರುವುದು ಮಾತ್ರ ಬಹಳ ಓದಿಕೊಂಡ ಮಾರುಕಟ್ಟೆ. ಆರು ತಿಂಗಳ ‘ನೋ ಕಾಸ್ಟ್ ಇಎಂಐ’ಯಲ್ಲಿ 24,000 ರೂಪಾಯಿಯ ಫೋನು ಕೊಳ್ಳುವುದನ್ನೇ ನೋಡಿ. ತಿಂಗಳಿಗೆ 4,000ದಂತೆ ಕಟ್ಟಿದರೆ ಲೆಕ್ಕ ಚುಕ್ತಾ, ಬಡ್ಡಿಯೇ ಇಲ್ಲದಂತೆ ಕಾಣುತ್ತದೆ. ಒಳಗೆ ನಡೆಯುವುದು ಬೇರೆ. ವರ್ಷಕ್ಕೆ ಶೇ. 15ರ ದರವಿದೆ ಎಂದುಕೊಂಡರೆ ಬ್ಯಾಂಕು ಸುಮಾರು 1,020 ರೂಪಾಯಿ ಬಡ್ಡಿ ಹಾಕಿಯೇ ಇರುತ್ತದೆ. ಮಾರುವವರು ಅಷ್ಟನ್ನು ಬೆಲೆಯಲ್ಲಿ ಇಳಿಸಿ ಸರಿದೂಗಿಸಿರುತ್ತಾರೆ. ಆ ಬಡ್ಡಿಯ ಮೇಲಿನ ಶೇ. 18 ಜಿಎಸ್‌ಟಿ, ಅಂದರೆ 180ರ ಆಸುಪಾಸು, ಕೊಂಡವರದೇ. ಇನ್ನೂರರಷ್ಟು ಪ್ರೊಸೆಸಿಂಗ್ ಶುಲ್ಕ, ಅದಕ್ಕೊಂದು ಜಿಎಸ್‌ಟಿ ಬೇರೆ. ಪೂರ್ತಿ ಹಣ ಕೊಟ್ಟಿದ್ದರೆ ಅಂಗಡಿಯಲ್ಲಿ ಕೇಳಿ ಪಡೆಯಬಹುದಾಗಿದ್ದ ರಿಯಾಯಿತಿ ಹೋದದ್ದು ಲೆಕ್ಕಕ್ಕೇ ಬರುವುದಿಲ್ಲ. ಶೂನ್ಯ ಬಡ್ಡಿ ಎಂಬ ಕಲ್ಪನೆಯೇ ಇಲ್ಲ ಎಂದು ರಿಸರ್ವ್ ಬ್ಯಾಂಕು 2013ರಲ್ಲೇ ಸುತ್ತೋಲೆ ಹೊರಡಿಸಿ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಹೆಸರು ಬದಲಾಗಿ ವ್ಯಾಪಾರ ಮುಂದುವರಿಯಿತು.

ಕ್ರೆಡಿಟ್ ಕಾರ್ಡಿನ ‘ಕನಿಷ್ಠ ಪಾವತಿ’ ಇದಕ್ಕಿಂತ ದುಬಾರಿ. 40,000 ಬಾಕಿಯಿದ್ದು ತಿಂಗಳಿಗೆ ಶೇ. 3.5ರಂತೆ ಬಡ್ಡಿ ಬಿದ್ದರೆ 1,400, ಅದರ ಮೇಲೆ ಜಿಎಸ್‌ಟಿ 252. ಶೇ. 5ರ ಲೆಕ್ಕದಲ್ಲಿ 2,000 ಕಟ್ಟಿದವರ ಅಸಲು ಇಳಿಯುವುದು 350 ರೂಪಾಯಿಯಷ್ಟು ಮಾತ್ರ. ಬಾಕಿ ಉಳಿಸಿಕೊಂಡವರಿಗೆ ಹೊಸ ಖರೀದಿಯ ಬಡ್ಡಿರಹಿತ ಅವಧಿಯೂ ಸಿಗುವುದಿಲ್ಲ, ತರಕಾರಿಗೂ ಅಂದಿನಿಂದಲೇ ಬಡ್ಡಿ. ಇಂಥ ಬಾಕಿ ಇರುವ ಮನೆಯಲ್ಲಿ ಕಾಫಿ ಪುಡಿ ಬದಲಿಸಿ ಉಳಿತಾಯ ಮಾಡುವ ಮಾತು ವ್ಯರ್ಥ. ಇರುವ ಎಫ್‌ಡಿ ಮುರಿದಾದರೂ ಮೊದಲು ಇದನ್ನು ತೀರಿಸುವುದು ಲೆಕ್ಕಕ್ಕೆ ಸರಿ.

ಆ್ಯಪ್‌ಗಳ ವಿನ್ಯಾಸದ್ದು ಇನ್ನೊಂದು ಅಧ್ಯಾಯ. ‘ಎರಡೇ ಉಳಿದಿವೆ’ ಎಂಬ ಸುಳ್ಳು ಅವಸರ, ಕೇಳದೆ ಬುಟ್ಟಿಗೆ ಸೇರುವ ವಿಮೆ ಅಥವಾ ದೇಣಿಗೆ, ಸೇರಲು ಒಂದು ಒತ್ತು ಸಾಕಾಗಿ ಬಿಡಲು ಹತ್ತು ಪುಟ ದಾಟಬೇಕಾದ ಚಂದಾ, ಕೊನೆಯ ಪುಟದಲ್ಲಿ ತಲೆಯೆತ್ತುವ ಹೆಚ್ಚುವರಿ ಶುಲ್ಕ ಸೇರಿ ಇಂಥ 13 ತಂತ್ರಗಳನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಹೆಸರಿಸಿ ನಿಷೇಧಿಸಿದೆ. ತಾನಾಗಿ ಕಡಿತವಾಗುವ ಚಂದಾಗಳಿಗೆ 24 ಗಂಟೆ ಮೊದಲೇ ಸೂಚನೆ ಕಳಿಸಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮವೂ ಇದೆ. ಸೂಚನೆ ಬರುತ್ತದೆ, ಒಟಿಪಿ, ಲಾಟರಿ, ಮದುವೆ ಆಮಂತ್ರಣಗಳ ನಡುವೆ ಓದದೆ ಉಳಿಯುತ್ತದೆ. ಯುಪಿಐ ಆ್ಯಪಿನ ‘ಆಟೋಪೇ’ ಪಟ್ಟಿಯನ್ನು ತೆರೆದು, ಗುರುತು ಹತ್ತದ್ದನ್ನು ರದ್ದು ಮಾಡುವ ಹದಿನೈದು ನಿಮಿಷ ಹಲವು ದಿನಗಳ ಚೌಕಾಸಿಗಿಂತ ಹೆಚ್ಚು ಹಣ ಉಳಿಸಬಲ್ಲದು.

ಕೊಂಡ ವಸ್ತು ಇನ್ನೊಂದನ್ನು ಕರೆಯುವುದೂ ಹಳೆಯ ಕಥೆ. ಫ್ರಾನ್ಸಿನ ಲೇಖಕ ಡೆನಿ ದಿದರೋ, ಉಡುಗೊರೆಯಾಗಿ ಬಂದ ಹೊಸ ನಿಲುವಂಗಿಯ ಎದುರು ಮನೆಯ ಹಳೆಯ ಮೇಜು ಕುರ್ಚಿಗಳೆಲ್ಲ ಕಳಪೆಯಾಗಿ ಕಂಡು ಒಂದೊಂದನ್ನೇ ಬದಲಿಸುತ್ತ ಹೋದ ಪಾಡನ್ನು 18ನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಅದಕ್ಕೂ ಆರು ಶತಮಾನ ಹಿಂದೆ ಕಲ್ಯಾಣದಲ್ಲಿ ಇದಕ್ಕೆ ವಿರುದ್ಧ ದಿಕ್ಕಿನ ಕಥೆಯೊಂದಿದೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವ ಕಾಯಕದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬರಲು ಹೇಳಿ ಕಳಿಸಿದಳು. ಲಕ್ಕಮ್ಮನದು ಶರಣರ ನಿಷ್ಠೆ. ಸಂಸಾರಿಗಳಿಗೆ ಅದನ್ನೇ ಅಳತೆಗೋಲು ಮಾಡಲಾಗದು. ಆದರೆ ಸಾಕು ಎಂಬುದಕ್ಕೆ ಆಕೆಯ ಬಳಿ ಒಂದು ಅಳತೆಯಿತ್ತು, ದಿದರೋ ಬಳಿ ಇರಲಿಲ್ಲ.

ಇನ್ನು ಹೊತ್ತಿನ ಮಾತು. ಆರು ವರ್ಷ ಮೇಲ್ಪಟ್ಟ ಭಾರತೀಯರು ದಿನದ ಶೇ. 11ರಷ್ಟು ಸಮಯವನ್ನು ಸಂಸ್ಕೃತಿ, ವಿರಾಮ, ಸಮೂಹ ಮಾಧ್ಯಮ ಮತ್ತು ಕ್ರೀಡೆಯಲ್ಲಿ ಕಳೆಯುತ್ತಾರೆ ಎನ್ನುತ್ತದೆ 2024ರ ಸಮಯ ಬಳಕೆ ಸಮೀಕ್ಷೆ. 2019ರಲ್ಲಿ ಇದು ಶೇ. 9.9 ಇತ್ತು. ಶೇ. 11 ಅಂದರೆ ದಿನಕ್ಕೆ ಎರಡೂವರೆ ಗಂಟೆಗಿಂತ ಹೆಚ್ಚು. ಆ ಹೊತ್ತು ಫೋನಿನ ಪರದೆಯ ಮೇಲೆ ಹೋದಾಗ ಅಂಗಡಿಯೂ ಅದೇ ಪರದೆಯಲ್ಲಿರುತ್ತದೆ. ರೀಲ್ಸ್ ನೋಡುತ್ತ ಬೆರಳು ಜಾರಿಸುವವರಿಗೆ ಎರಡು ಅಡುಗೆ ವಿಡಿಯೋ ನಡುವೆ ಒಂದು ಏರ್‌ ಫ್ರೈಯರ್ ಸಿಗುತ್ತದೆ. ಬೇಸರ ಕಳೆಯಲು ಹೋದ ಮಾಲ್‌ನಲ್ಲೂ ಹಾಗೆಯೇ. ಅಲ್ಲಿ ದುಡ್ಡು ಕೊಡದೆ ಕೂರುವ ಜಾಗ ಹುಡುಕಿದರೂ ಸಿಗದು.

ವಸ್ತುವಿಗಿಂತ ಅನುಭವಕ್ಕೆ ಹಾಕಿದ ಹಣ ಹೆಚ್ಚು ಖುಷಿ ಕೊಡುತ್ತದೆ ಎಂದು ಮನಶ್ಶಾಸ್ತ್ರಜ್ಞರಾದ ಲೀಫ್ ವ್ಯಾನ್ ಬೋವೆನ್ ಮತ್ತು ಥಾಮಸ್ ಗಿಲೊವಿಚ್ 2003ರಲ್ಲಿ ತೋರಿಸಿದರು. ಜಾಹೀರಾತಿನವರು ಅದನ್ನು ಕೂಡಲೇ ಕೈಗೆತ್ತಿಕೊಂಡರು. ಕಂತಿನಲ್ಲಿ ಹೋಗುವ ಬಾಲಿ ಪ್ರವಾಸ, ವಾರಾಂತ್ಯದ ರೆಸಾರ್ಟು ಎಲ್ಲ ಈಗ ‘ಅನುಭವ’. ಆದರೆ ಗೆರೆ ಎಳೆಯಬೇಕಾದದ್ದು ವಸ್ತು ಮತ್ತು ಅನುಭವದ ನಡುವೆಯೇ ಎಂದೇನಿಲ್ಲ. ಕೇರಂ ಬೋರ್ಡು ವಸ್ತು. ಇಪ್ಪತ್ತು ವರ್ಷ ಆಡಬಹುದು. ಪ್ರತಿ ಸಲವೂ ಹೊಸದಾಗಿ ದುಡ್ಡು ಕೇಳದ, ಆಡಿದಷ್ಟೂ ಕೈ ಪಳಗುವ ಹವ್ಯಾಸ ಯಾವುದು ಎಂದು ಕೇಳಿದರೆ ಉತ್ತರ ಹೆಚ್ಚು ಸ್ಪಷ್ಟವಾಗುತ್ತದೆ.

ಚೌಕಾಬಾರ ಅಂಥದ್ದು. ಸೀಮೆಸುಣ್ಣದಿಂದ ನೆಲದ ಮೇಲೆ ಐದೈದರ ಇಪ್ಪತ್ತೈದು ಮನೆ, ನಾಲ್ಕು ಕವಡೆ, ಅವಿಲ್ಲದಿದ್ದರೆ ಒಂದು ಬದಿ ಉಜ್ಜಿದ ಹುಣಸೆ ಬೀಜ, ಕಾಯಿಗೆ ಬಳೆಚೂರು, ಕಲ್ಲು, ಹುರುಳಿ ಏನಾದರೂ ಆದೀತು. ನಾಲ್ಕೂ ಕವಡೆ ಬಾಯಿ ತೆರೆದು ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಎದುರಾಳಿಯ ಒಂದು ಕಾಯಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ ಎಂಬ ನಿಯಮ ಬಹಳ ಮನೆಗಳಲ್ಲಿದೆ. ಜಗಳ ಹುಟ್ಟುವುದೂ ಆಟ ರಂಗೇರುವುದೂ ಅಲ್ಲಿಂದಲೇ. ಹದಿನಾಲ್ಕು ಗುಳಿಯ ಅಳಗುಳಿಮಣೆ, ತುಳುನಾಡಿನಲ್ಲಿ ಆಟಿಯ ಮಳೆಗಾಲಕ್ಕೆ ಹೊರಬರುವ ಚೆನ್ನೆಮಣೆ, ಆಡು ಹುಲಿ ಆಟ ಇದೇ ಸಾಲಿನವು. ಬಡವರ ಆಟ ಎಂದು ಇವನ್ನು ಬದಿಗಿಡುವಂತಿಲ್ಲ. 1831ರಲ್ಲಿ ಆಡಳಿತ ಕೈತಪ್ಪಿದ ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳಲ್ಲಿ ಮುಳುಗಿ ಹೊಸ ಆಟಗಳನ್ನೇ ರಚಿಸಿದರು, ಚದುರಂಗದ ಕುದುರೆ ಪ್ರತಿ ಮನೆಗೂ ಒಮ್ಮೊಮ್ಮೆ ಹೋಗಿ ಬರುವ ನಡೆಗಳನ್ನು ಬಿಡಿಸಿದರು. ಅವರ ಶ್ರೀತತ್ತ್ವನಿಧಿಯಲ್ಲಿ ಆಟಗಳಿಗಾಗಿಯೇ ಕೌತುಕನಿಧಿ ಎಂಬ ಭಾಗವಿದೆ.

ಮಣೆಯಾಟದಂತೆ ರಂಗದ ಆಟವೂ ಇದೆ: ಕರಾವಳಿಯಲ್ಲಿ ದೀಪಾವಳಿಯ ಆಸುಪಾಸಿನಿಂದ ಬೇಸಿಗೆಯ ಕೊನೆಯ ಪತ್ತನಾಜೆಯವರೆಗೆ ಯಕ್ಷಗಾನ ಬಯಲಾಟದ ಕಾಲ. ಕಟೀಲು, ಮಂದಾರ್ತಿ ಮೇಳಗಳ ಹರಕೆ ಆಟಕ್ಕೆ ವರ್ಷಗಟ್ಟಲೆ ಮೊದಲೇ ಹೆಸರು ಬರೆಸಬೇಕು. ಖರ್ಚು ಹರಕೆ ಹೊತ್ತ ಮನೆಯದು, ಆಟ ಊರಿಗೆಲ್ಲ. ಒಬ್ಬರ ಖರ್ಚಿನಲ್ಲಿ ನೂರಾರು ಜನರ ರಾತ್ರಿ ಕಳೆಯುವ ಈ ಏರ್ಪಾಡನ್ನು ದುಂದು ಎನ್ನಲು ಮನಸ್ಸು ಬಾರದು. ಮಿತವ್ಯಯದ ಲೆಕ್ಕಾಚಾರ ಇಂಥ ಕಡೆ ಸ್ವಲ್ಪ ತಡವರಿಸುತ್ತದೆ.

ಸರಳ ಕಾಲಕ್ಷೇಪಗಳು ಬಿಟ್ಟಿ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಬೆಂಗಳೂರಿನ ಲಾಲ್‌ಬಾಗ್ 1760ರಲ್ಲಿ ಹೈದರಾಲಿ ಶುರು ಮಾಡಿದ್ದು, ಕಬ್ಬನ್ ಪಾರ್ಕು 1870ರದು. ಎರಡನ್ನೂ ಇವತ್ತಿಗೂ ಹಸಿರಾಗಿ ಇಟ್ಟಿರುವುದು ತೋಟಗಾರಿಕೆ ಇಲಾಖೆಯ ಹಣ. ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳು 1965ರ ಕಾಯ್ದೆಯ ಕೂಸು. ಮನೆಯ ಆಸ್ತಿ ತೆರಿಗೆಯ ಜೊತೆಗೆ ಶೇ. 6ರ ಗ್ರಂಥಾಲಯ ಕರವನ್ನು ಪ್ರತಿ ವರ್ಷ ಕಟ್ಟುವವರಲ್ಲಿ ಹೆಚ್ಚಿನವರು ತಮ್ಮ ಬಡಾವಣೆಯ ಶಾಖಾ ಗ್ರಂಥಾಲಯದ ಬಾಗಿಲು ತುಳಿದಿರುವುದಿಲ್ಲ. ಕೊಂಡು ಬಳಸದ ಚಂದಾಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಬಹುದು. ಹಳೆಯ ಕಟ್ಟಡ, ಹರಿದ ಪತ್ರಿಕೆ, ಬೇಗ ಮುಚ್ಚುವ ಬಾಗಿಲು ಎಂಬ ದೂರುಗಳಲ್ಲಿ ಹುರುಳಿದೆ. ಓದುಗರು ಬಂದು ಕೇಳದ ಕಡೆ ಅವು ತಾವಾಗಿ ಸರಿಹೋಗುವುದೂ ಕಷ್ಟ. ಸಂಜೆ ನಡೆದಾಡಲು ಫುಟ್‌ಪಾತು, ಕೂರಲು ಕಲ್ಲುಬೆಂಚು, ಮಕ್ಕಳಿಗೆ ಬಯಲು ಇಲ್ಲದ ಬಡಾವಣೆಯವರು ಮಾಲ್‌ಗೆ ಹೋದರೆ ತಪ್ಪು ಪೂರ್ತಿ ಅವರದ್ದೆನ್ನಲಾಗದು.

ಇನ್ನೊಂದು ವೆಚ್ಚ ರೂಪಾಯಿಯಲ್ಲಿ ಕಾಣುವುದೇ ಇಲ್ಲ. ಅದೇ 2024ರ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಟ್ಟರೆ ಗಂಡಸರು 88 ನಿಮಿಷ ಕೊಡುತ್ತಾರೆ. ಹೊರಗೆ ತಿನ್ನುವುದು ಬೇಡ, ಮನೆಯಲ್ಲೇ ಬಜ್ಜಿ ಮಾಡಿಕೊಂಡು ಎಲ್ಲರೂ ಕೂತು ಆಡೋಣ ಎಂಬ ಭಾನುವಾರದ ಸರಳ ಸಂತೋಷದಲ್ಲಿ ಈರುಳ್ಳಿ ಹೆಚ್ಚುವವರು ಯಾರು, ಬಾಣಲೆ ತಿಕ್ಕುವವರು ಯಾರು ಎಂದು ನೋಡಿದರೆ ಉಳಿತಾಯ ಯಾರ ಖಾತೆಯಿಂದ ಬಂತೆಂದು ಗೊತ್ತಾಗುತ್ತದೆ. ಹೋಟೆಲಿನ ಮಸಾಲೆ ದೋಸೆ ಆ ಮನೆಯಲ್ಲಿ ಒಬ್ಬಾಕೆಗೆ ಎರಡು ಗಂಟೆಯ ಬಿಡುವು ಕೊಡುವುದಾದರೆ ಅದನ್ನು ದುಂದಿನ ಅಂಕಣಕ್ಕೆ ಹಾಕುವುದು ತಪ್ಪು ಲೆಕ್ಕ.

ಕರ್ನಾಟಕದಲ್ಲಿ ಈ ಮಾತಿಗೆ ಈಚಿನ ಸಾಕ್ಷಿ ಶಕ್ತಿ ಯೋಜನೆ. 2023ರ ಜೂನ್ 11ರಿಂದ ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಕೆಲಸಕ್ಕೆ, ಕಾಲೇಜಿಗೆ, ಆಸ್ಪತ್ರೆಗೆ ಹೋಗುವವರ ಜೊತೆಗೆ ಧರ್ಮಸ್ಥಳ, ಚಾಮುಂಡಿ ಬೆಟ್ಟಕ್ಕೆ ಗುಂಪುಗುಂಪಾಗಿ ಹೊರಟ ಅಕ್ಕತಂಗಿಯರನ್ನು, ಅತ್ತೆ ಸೊಸೆಯರನ್ನು ಕಂಡು ಆಡಿಕೊಂಡವರಿದ್ದರು: ಬಿಟ್ಟಿ ಸಿಕ್ಕಿತೆಂದು ಸುತ್ತುತ್ತಿದ್ದಾರೆ ಎಂದು. ಬುತ್ತಿ ಕಟ್ಟಿಕೊಂಡು, ಕಿಟಕಿ ಪಕ್ಕದ ಸೀಟು ಹಿಡಿದು, ದೇವರ ದರ್ಶನ ಮಾಡಿ, ಅನ್ನಪ್ರಸಾದ ಉಂಡು ಮರಳುವ ಆ ಪ್ರವಾಸದ ಖರ್ಚು ಹೂವು ಹಣ್ಣು ಕಾಯಿಯದ್ದಷ್ಟೇ. ಟಿಕೆಟ್ಟಿನ ಹಣದ ಜೊತೆಗೆ, ಮನೆಗೆಲಸವನ್ನು ಒಂದು ದಿನದ ಮಟ್ಟಿಗೆ ಇನ್ನೊಬ್ಬರಿಗೆ ಒಪ್ಪಿಸಿ ಹೊರಡಲು ಒಂದು ನೆಪವನ್ನೂ ಯೋಜನೆ ಅವರಿಗೆ ಒದಗಿಸಿತು.